ಸಿಹಿ ಬಿಟ್ಟರೂ ಇಳಿಯದ ಸಕ್ಕರೆ

ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು, ಐವತ್ತರ ಆಸುಪಾಸು. (ಗುರುತು ಸಿಗದಂತೆ ವಿವರ ಬದಲಿಸಿದೆ.) ಟೈಪ್ 2 ಮಧುಮೇಹ. ಚಹಾಕ್ಕೂ ಸಕ್ಕರೆ ಬಿಟ್ಟಿದ್ದಾರೆ, ಆದರೂ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.6%. "ಸಿಹಿ ಮುಟ್ಟೋದೇ ಇಲ್ಲ, ಎಲ್ಲಿಂದ ಬರುತ್ತೆ?" ಎಂಬುದು ಅವರ ಪ್ರಶ್ನೆ.

ಮುಖ್ಯವಾಗಿ ಸಂಜೆಯ ಮಂಡಕ್ಕಿಯಿಂದ. ದಿನಾ ದೊಡ್ಡ ತಟ್ಟೆ, ಜೊತೆಗೆ ಎರಡು ಮಿರ್ಚಿ. ಮಂಡಕ್ಕಿ ಹಗುರ ಅಂತ ಎಲ್ಲರೂ ಧೈರ್ಯವಾಗಿ ತಿನ್ನುತ್ತಾರೆ. ಆದರೆ 60 ಗ್ರಾಂ ಮಂಡಕ್ಕಿಯಲ್ಲಿ ಸುಮಾರು 45 ಗ್ರಾಂ ಪಿಷ್ಟವಿದೆ. ಪಿಷ್ಟವೆಂದರೆ ಗ್ಲೂಕೋಸ್ ಕಣಗಳ ಉದ್ದನೆಯ ಸರಪಳಿ. ನಾಲಿಗೆಗೆ ಸಿಹಿ ಅನ್ನಿಸದು, ಕರುಳಿಗೆ ಹೋದಮೇಲೆ ಕಿಣ್ವಗಳು ಕತ್ತರಿಸಿದರೆ ಉಳಿಯುವುದು ಗ್ಲೂಕೋಸೇ. ಭಟ್ಟಿಯ ಕಾವಿಗೆ ಅರಳಿದ ಅಕ್ಕಿಯಲ್ಲಿ ಪಿಷ್ಟ ಮೊದಲೇ ಸಡಿಲಾಗಿರುವುದರಿಂದ ಕಿಣ್ವಗಳ ಕೆಲಸ ಇನ್ನೂ ಬೇಗ. ಸೊಪ್ಪು, ಕಾಳಿನ ಸಿಪ್ಪೆಯಲ್ಲಿರುವ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಸರಪಳಿಯೇ. ಕೊಂಡಿ ಬೇರೆ ಬಗೆಯದು, ಅದನ್ನು ಬಿಡಿಸುವ ಕಿಣ್ವ ನಮ್ಮಲ್ಲಿಲ್ಲ. ಹಾಗಾಗಿ ನಾರಾಗಿ ಉಳಿಯುತ್ತದೆ.

ಇದನ್ನು ಕೇಳಿ ಅವರು ತಿಂಡಿ, ಅನ್ನ, ಮುದ್ದೆ ಎಲ್ಲ ನಿಲ್ಲಿಸಿಬಿಟ್ಟರು. ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಹನ್ನೊಂದು ಗಂಟೆಗೆ ಬೆವರು, ಕೈನಡುಕ. ಸಕ್ಕರೆ ಮೀಟರ್ ತೋರಿಸಿದ್ದು 58, ಅಂದರೆ ತೀರಾ ಕಡಿಮೆ. ಆ ಮಾತ್ರೆ ಊಟ ಆಗಿದೆಯೋ ಇಲ್ಲವೋ ನೋಡದೆ, ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಗ್ಲೂಕೋಸಿನ ದಾಸ್ತಾನು 100 ಗ್ರಾಂ ಆಸುಪಾಸು ಇರುತ್ತದೆ, ಇನ್ಸುಲಿನ್ ಹೆಚ್ಚಿದ್ದಾಗ ಅದೂ ಸಲೀಸಾಗಿ ಹೊರಬರದು. ಮೆದುಳಿಗೋ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು.

ಕೊಟ್ಟ ಸಲಹೆ ಇಷ್ಟು. ಮಾತ್ರೆಯ ಪ್ರಮಾಣ ವೈದ್ಯರೇ ನಿರ್ಧರಿಸಲಿ, ಈ ವಾರವೇ ಹೋಗಿ ತೋರಿಸಿ. ಮಾತ್ರೆ ನುಂಗಿದ ಮೇಲೆ ತಿಂಡಿ ತಪ್ಪಿಸುವಂತಿಲ್ಲ. ಮುದ್ದೆ ಬಿಡಬೇಕಿಲ್ಲ: 60 ಗ್ರಾಂ ಹಿಟ್ಟಿನ ಒಂದೇ ಮುದ್ದೆ, ಸೊಪ್ಪಿನ ಸಾರು ಧಾರಾಳ, ಅದರ ಮೇಲೆ ಅನ್ನ ಬೇಡ. ರಾಗಿಯಲ್ಲೂ ಪಿಷ್ಟವೇ ಹೆಚ್ಚು, ಎರಡು ಮುದ್ದೆ ಉಂಡರೆ ಲೆಕ್ಕ ತಪ್ಪುತ್ತದೆ. ಮಂಡಕ್ಕಿ ಬೇಕೇ ಬೇಕೆಂದರೆ 25 ಗ್ರಾಂ. ಮೊಳಕೆ ಹೆಸರುಕಾಳು, ಸೌತೆಕಾಯಿ, ಒಂದು ಹಿಡಿ ಶೇಂಗಾ ಸೇರಿಸಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಮೀಟರ್ ನೋಡಿ, 180ರೊಳಗಿದ್ದರೆ ಆ ಅಳತೆ ನಡೆಯುತ್ತದೆ.

ಮನೆಯವರಿಗೆ ಬೇರೆಯಾಗಿ ಹೇಳಿದ್ದು: 70ಕ್ಕಿಂತ ಇಳಿದರೆ ನೀರಿನಲ್ಲಿ 15 ಗ್ರಾಂ ಗ್ಲೂಕೋಸ್ ಪುಡಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರಿಲ್ಲವಾದರೆ ಇನ್ನೊಮ್ಮೆ. ಇವರು ವೊಗ್ಲಿಬೋಸ್ ಕೂಡ ತೆಗೆದುಕೊಳ್ಳುತ್ತಾರೆ. ಅದು ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ತಡೆಯುವುದರಿಂದ ಸಕ್ಕರೆ ನೀರು ತಡವಾಗಿ ಕೆಲಸ ಮಾಡುತ್ತದೆ, ಗ್ಲೂಕೋಸೇ ಆಗಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.