ಯಾವುದು ಆಜ್ಞೆ, ಯಾವುದು ರೂಢಿ?

ಓದುಗರ ಪ್ರಶ್ನೆ–ಉತ್ತರ: ಈ ಸಲ ಲೂಥರನ್ ಸಭೆಗಳ ಸಂಸ್ಕಾರ, ಆರಾಧನೆ, ಮನೆಪ್ರಾರ್ಥನೆ

ಪ್ರಶ್ನೆ: ನಾವು ಉಡುಪಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಸೊಸೆ ಕೆಜಿಎಫ್‌ನ ಲೂಥರನ್ ಮನೆತನದವಳು. ಮೊಮ್ಮಗ ಅಮ್ಮನ ಹತ್ತಿರ ಕಲಿತದ್ದನ್ನೇ ನಂಬಿ, ‘ನರಹತ್ಯ ಮಾಡಬಾರದು’ ಎಂಬುದು ಐದನೆಯ ಆಜ್ಞೆ ಎಂದು ಸಂಡೇಸ್ಕೂಲ್ ಪರೀಕ್ಷೆಯಲ್ಲಿ ಬರೆದ. ಟೀಚರ್ ಅದು ಆರನೆಯದು ಎಂದು ಮಾರ್ಕು ಕಳೆದರು. ಮನೆಯಲ್ಲಿ ಇದೇ ಚರ್ಚೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ. ಮಾರ್ಕು ಕಳೆದದ್ದು ಮಾತ್ರ ಸರಿಯಲ್ಲ.

ವಿಮೋಚನಕಾಂಡ 20ರಲ್ಲಾಗಲಿ ಧರ್ಮೋಪದೇಶಕಾಂಡ 5ರಲ್ಲಾಗಲಿ ಆಜ್ಞೆಗಳಿಗೆ ನಂಬರು ಹಾಕಿಲ್ಲ. ಒಟ್ಟು ಹತ್ತು ಎಂಬುದಷ್ಟೇ ಗೊತ್ತು. ಎಲ್ಲಿ ಕತ್ತರಿಸಬೇಕು ಎಂಬುದು ಆಮೇಲಿನವರು ಮಾಡಿಕೊಂಡ ರೂಢಿ. ಲೂಥರನ್ನರು, ಕ್ಯಾಥೊಲಿಕರ ಹಾಗೆಯೇ, ‘ಬೇರೆ ದೇವರುಗಳು ಇರಬಾರದು’ ಮತ್ತು ವಿಗ್ರಹದ ಮಾತು ಎರಡನ್ನೂ ಸೇರಿಸಿ ಮೊದಲನೆಯ ಆಜ್ಞೆ ಎನ್ನುತ್ತಾರೆ. ಕೊನೆಯಲ್ಲಿ ಬರುವ ಆಶೆಯ ಮಾತನ್ನು ಒಂಬತ್ತು, ಹತ್ತು ಎಂದು ಎರಡು ಮಾಡುತ್ತಾರೆ. ನಿಮ್ಮ ಸಭೆಯ ಮೂಲಗಳಾದ ಆಂಗ್ಲಿಕನ್ ಮತ್ತು ರಿಫಾರ್ಮ್ಡ್ (ಕಾಲ್ವಿನ್ ಪಂಥದ) ಸಂಪ್ರದಾಯದಲ್ಲಿ ವಿಗ್ರಹದ ಆಜ್ಞೆಯೇ ಪ್ರತ್ಯೇಕವಾಗಿ ಎರಡನೆಯದು, ಆಶೆಯದ್ದು ಒಟ್ಟಾಗಿ ಹತ್ತನೆಯದು. ಹೀಗಾಗಿ ನಡುವಿನ ಆಜ್ಞೆಗಳೆಲ್ಲ ಒಂದೊಂದು ಅಂಕಿ ಸರಿಯುತ್ತವೆ: ತಂದೆತಾಯಿಗಳದ್ದು ನಿಮಗೆ ಐದು, ಸೊಸೆಗೆ ನಾಲ್ಕು, ಕಳ್ಳತನದ್ದು ನಿಮಗೆ ಎಂಟು, ಅವಳಿಗೆ ಏಳು. ಸ್ವಿಟ್ಜರ್ಲೆಂಡಿನಿಂದ ಕರಾವಳಿಗೆ ಬಂದ ಬಾಸೆಲ್ ಮಿಷನ್‌ನಲ್ಲಿ ಲೂಥರನ್, ರಿಫಾರ್ಮ್ಡ್ ಎರಡೂ ಹಿನ್ನೆಲೆಯವರು ಒಟ್ಟಿಗೆ ಕೆಲಸ ಮಾಡಿದರು. ಆದ್ದರಿಂದ ಕರಾವಳಿಯ ಹಳೆಯ ಮನೆಗಳಲ್ಲಿ ಸಿಗುವ ಬೋಧನಾ ಪುಸ್ತಕ ಯಾವ ಎಣಿಕೆಯದ್ದು ಎಂದು ತೆರೆದು ನೋಡಿಯೇ ಹೇಳಬೇಕು.

ಹುಡುಗನಿಗೆ ಹೇಳಿ: ಪರೀಕ್ಷೆಯಲ್ಲಿ ನಂಬರಿನ ಜೊತೆ ಆಜ್ಞೆಯ ಮಾತನ್ನೂ ಬರೆಯಲಿ. ಟೀಚರಿಗೆ ಹೇಳಬೇಕಾದದ್ದು ಇನ್ನೊಂದಿದೆ. ಜರ್ಮನಿಯ ಸಾಕ್ಸನಿ ಸೀಮೆಯ ಹಳ್ಳಿಗಳ ಸಭೆಗಳನ್ನು ನೋಡಿಬಂದು, ಜನಕ್ಕೆ ಏನೇನೂ ಗೊತ್ತಿಲ್ಲವಲ್ಲ ಎಂದು ಕಂಗೆಟ್ಟು ಲೂಥರನ್ ಸಭೆಗಳ ಮೂಲಪುರುಷ ಮಾರ್ಟಿನ್ ಲೂಥರ್ 1529ರಲ್ಲಿ ‘ಚಿಕ್ಕ ಕ್ಯಾಟಕಿಸಂ’ ಎಂಬ ಪ್ರಶ್ನೋತ್ತರದ ಬೋಧನಾ ಪುಸ್ತಕ ಬರೆದ. ಅದರಲ್ಲಿ ಪ್ರತಿ ಆಜ್ಞೆಗೂ ‘ಹಾಗೆಂದರೇನು?’ ಎಂಬ ಪ್ರಶ್ನೆ ಇದೆ. ನರಹತ್ಯದ ಆಜ್ಞೆಗೆ ಅಲ್ಲಿನ ಉತ್ತರ ಕೊಲ್ಲಬಾರದು ಎನ್ನುವಲ್ಲಿಗೆ ಮುಗಿಯುವುದಿಲ್ಲ. ನೆರೆಯವನ ದೇಹದ ಎಲ್ಲ ಕಷ್ಟದಲ್ಲೂ ನೆರವಾಗಬೇಕು ಎನ್ನುತ್ತದೆ. ಮಾರ್ಕು ಕೊಡುವುದಿದ್ದರೆ ಅದಕ್ಕೆ ಕೊಡಲಿ.

ಪ್ರಶ್ನೆ: ನಾನು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ನಮ್ಮದು ಲೂಥರನ್ ಸಭೆ. ಮಗು ಉಳಿಯುವುದು ಕಷ್ಟ ಎಂದಾಗ ಕ್ರೈಸ್ತ ತಾಯಂದಿರು ‘ಸಿಸ್ಟರ್, ದೀಕ್ಷಾಸ್ನಾನ ಮಾಡಿಸಿ’ ಎಂದು ಕೇಳುತ್ತಾರೆ. ಪಾಸ್ಟರ್ ಬರುವಷ್ಟು ಹೊತ್ತಿರುವುದಿಲ್ಲ. ಏನು ಮಾಡಬೇಕು, ಏನು ಮಾಡಬಾರದು?

ಉತ್ತರ: ತುರ್ತಿನಲ್ಲಿ ಯಾವ ಕ್ರೈಸ್ತರಾದರೂ ದೀಕ್ಷಾಸ್ನಾನ ಕೊಡಬಹುದು, ಗಂಡಸಾಗಲಿ ಹೆಂಗಸಾಗಲಿ. ತಂದೆಯೋ ತಾಯಿಯೋ ಪಕ್ಕದಲ್ಲಿದ್ದರೆ ಅವರೇ ಮಾಡಬಹುದು. ನೀವು ಮಾಡುವುದಾದರೆ ತಂದೆತಾಯಿ ಕೇಳಿರಲೇಬೇಕು. ಅವರು ಕೇಳದೆ, ಅಥವಾ ಇಬ್ಬರಲ್ಲೊಬ್ಬರು ಒಪ್ಪದೆ ಇದ್ದರೆ ಕೈಹಾಕಬೇಡಿ.

ಬೇಕಾದದ್ದು ಎರಡೇ: ನೀರು ಮತ್ತು ಮಾತು. ಇನ್‌ಕ್ಯುಬೇಟರಿನ ಮಗುವಿಗೆ ಬೋಗುಣಿ ನೀರು ಆಗದು. ಡಾಕ್ಟರ ಒಪ್ಪಿಗೆ ಪಡೆದು, ಸ್ಟೆರೈಲ್ ನೀರನ್ನು ಮೈಬಿಸಿಗೆ ತಂದು, 2 ಮಿಲಿ ಸಿರಿಂಜಿಗೆ (ಸೂಜಿ ತೆಗೆದು) ತುಂಬಿಕೊಳ್ಳಿ. ಕೈ ತೊಳೆದುಕೊಳ್ಳಿ. ಹೆಸರಿಟ್ಟಿದ್ದರೆ ಹೆಸರು ಹಿಡಿದು, ‘ನಾನು ನಿನಗೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತೇನೆ’ ಎನ್ನುತ್ತಾ ಒಂದೊಂದು ಹೆಸರಿಗೆ ಕೆಲವು ಹನಿಯಂತೆ ಮೂರು ಸಲ ಹಣೆಯ ಮೇಲೆ ಬಿಡಿ. ಟೇಪು, ಪ್ರೋಬು, ಟ್ಯೂಬು ನೆನೆಯದ ಜಾಗ ನೋಡಿಕೊಳ್ಳಿ; ಉಳಿದ ನೀರನ್ನು ತಕ್ಷಣ ಗಾಜ್‌ನಿಂದ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಪುಟ್ಟ ಮಗುವಿನ ಮೈ ಬೇಗ ತಣ್ಣಗಾಗುತ್ತದೆ. ಸಮಯವಿದ್ದರೆ ಕರ್ತನ ಪ್ರಾರ್ಥನೆ ಹೇಳಿ. ಇಲ್ಲದಿದ್ದರೂ ಕೊರತೆಯಿಲ್ಲ.

ಎಡವುವುದು ಎಲ್ಲಿ ಎಂದರೆ: ಒಬ್ಬರು ನೀರು ಬಿಡುತ್ತಾರೆ, ಇನ್ನೊಬ್ಬರು ಮಾತು ಹೇಳುತ್ತಾರೆ. ಹಾಗೆ ಮಾಡಬೇಡಿ, ಎರಡೂ ಒಬ್ಬರಿಂದಲೇ ಆಗಲಿ. ಒದ್ದೆ ಹತ್ತಿಯಿಂದ ಬರೀ ಶಿಲುಬೆ ಗುರುತು ಹಾಕಿ ಮುಗಿಸುತ್ತಾರೆ. ನೀರು ಚರ್ಮದ ಮೇಲೆ ಹರಿಯಬೇಕು. ಗಾಬರಿಯಲ್ಲಿ ಬರೇ ‘ಯೇಸುವಿನ ಹೆಸರಿನಲ್ಲಿ’ ಎನ್ನುತ್ತಾರೆ. ಮೂರೂ ಹೆಸರು ಬರಬೇಕು. ಈ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಇಟ್ಟುಕೊಳ್ಳಿ.

ಆಮೇಲೆ ತಾರೀಕು, ಗಂಟೆ, ಮಗುವಿನ ಹೆಸರು, ತಂದೆತಾಯಿಯ ಹೆಸರು, ಮಾಡಿಸಿದವರ ಮತ್ತು ನೋಡಿದ ಒಬ್ಬರ ಹೆಸರು ಬರೆದು ಆ ಕುಟುಂಬದ ಸಭಾಪಾಲಕರಿಗೆ ತಲುಪಿಸಿ. ಸಭೆಯ ರಿಜಿಸ್ಟರಿಗೆ ಅದು ಹೋಗಬೇಕು. ಮಗು ಬದುಕಿ ಮನೆಗೆ ಬಂದರೆ ಸಭೆಯಲ್ಲಿ ಮತ್ತೆ ನೀರು ಹಾಕುವುದಿಲ್ಲ. ನಡೆದದ್ದನ್ನು ಸಭೆಯ ಮುಂದೆ ತಿಳಿಸಿ, ಧರ್ಮಮಾತಾಪಿತರನ್ನು ನಿಲ್ಲಿಸಿ ಪ್ರಾರ್ಥಿಸುತ್ತಾರೆ, ಅಷ್ಟೆ. ‘ಸರಿಯಾಗಿ ಇನ್ನೊಮ್ಮೆ ಮಾಡಿಸೋಣ’ ಎನ್ನುವ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನೀವು ಸಿರಿಂಜ್ ತರುವಷ್ಟರಲ್ಲಿ ಉಸಿರು ನಿಂತಿದ್ದರೆ? ತೀರಿಹೋದ ಮಗುವಿಗೆ ದೀಕ್ಷಾಸ್ನಾನವಿಲ್ಲ. ಹಾಗೆಂದು ಆ ಮಗು ದೇವರ ಕೈ ತಪ್ಪಿತು ಎಂದು ಯಾರೂ ಹೇಳಕೂಡದು. ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಂದಿರಿಗೆಂದೇ 1542ರಲ್ಲಿ ಲೂಥರ್ ಒಂದು ಸಾಂತ್ವನದ ಬರಹ ಬರೆದಿದ್ದಾನೆ. ತಾಯಿಯ ಹಂಬಲವನ್ನೂ, ಮಾತಾಗದ ನಿಟ್ಟುಸಿರನ್ನೂ ದೇವರು ಪ್ರಾರ್ಥನೆಯೆಂದೇ ಕೇಳುತ್ತಾನೆ ಎಂಬುದು ಅದರ ತಿರುಳು. ದೀಕ್ಷಾಸ್ನಾನ ಕೊಡಬೇಕೆಂಬ ಆಜ್ಞೆ ನಮಗೆ. ಅದಿಲ್ಲದೆ ದೇವರಿಗೆ ಕೈ ಚಾಚಲು ಬರುವುದಿಲ್ಲ ಎಂದು ಎಲ್ಲೂ ಇಲ್ಲ.

ಪ್ರಶ್ನೆ: ನಮ್ಮ ಸಭೆಯಲ್ಲಿ ಕರ್ತನ ಭೋಜನದ ತಯಾರಿ ಇಷ್ಟು ವರ್ಷ ಒಬ್ಬ ಹಿರಿಯಮ್ಮ ನೋಡಿಕೊಳ್ಳುತ್ತಿದ್ದರು. ಈಗ ಸ್ತ್ರೀಯರ ಸಂಘದ ನಾಲ್ವರಿಗೆ ವಹಿಸಿದ್ದಾರೆ. ಸುಮಾರು 120 ಮಂದಿ ಪಾಲು ತೆಗೆದುಕೊಳ್ಳುತ್ತಾರೆ. ದ್ರಾಕ್ಷಾರಸ ಎಷ್ಟು ಬೇಕು? ಮಳೆಗಾಲದಲ್ಲಿ ವೇಫರ್ (ತೆಳು ರೊಟ್ಟಿಬಿಲ್ಲೆ) ಮೆತ್ತಗಾಗುತ್ತದೆ, ಬಟ್ಟೆಗೆ ಕಲೆ ಹೋಗುವುದಿಲ್ಲ, ಉಳಿದದ್ದನ್ನು ಏನು ಮಾಡುವುದೆಂಬ ಜಗಳ ಬೇರೆ.

ಉತ್ತರ: ಒಂದೇ ಪಾನಪಾತ್ರೆಯಲ್ಲಿ ಕುಡಿಯುವುದಾದರೆ ತಲೆಗೆ 7 ಮಿಲಿ ಹಿಡಿಯಿರಿ, 120 ಮಂದಿಗೆ 840. ಅಂದರೆ 750ರ ಒಂದು ಬಾಟಲಿ ಸಾಲದು, ಎರಡನೆಯದನ್ನು ಹತ್ತಿರವಿಟ್ಟು, ಬೇಕಾದರೆ ಮಾತ್ರ ಬಿರಡೆ ತೆಗೆಯಿರಿ. ಚಿಕ್ಕ ಗ್ಲಾಸುಗಳಾದರೆ ತಲಾ 5 ಮಿಲಿಯಂತೆ 600 ಸಾಕು, ಚೆಲ್ಲುವುದಕ್ಕೆಂದು 50 ಹೆಚ್ಚು. ನಲವತ್ತು ಗ್ಲಾಸಿನ ಟ್ರೇ ಮೂರು. ಜಗ್ಗಿನಿಂದ ಸುರಿದರೆ ಟ್ರೇ ತುಂಬ ಅಂಟು. ಮೂತಿ ಸಣ್ಣಗಿರುವ ಸಾಸ್ ಬಾಟಲಿ ಹೊಸದೊಂದನ್ನು ಇದಕ್ಕೇ ಎತ್ತಿಡಿ. ಶನಿವಾರ ರಾತ್ರಿ ತುಂಬಿಡಬೇಡಿ, ಇರುವೆ ಬರುತ್ತದೆ.

ಅಂಗಡಿಯ ದ್ರಾಕ್ಷಿ ಸ್ಕ್ವಾಷ್ ಬೇಡ. ಅದರಲ್ಲಿ ಸಕ್ಕರೆ, ಬಣ್ಣವೇ ಹೆಚ್ಚು, ದ್ರಾಕ್ಷಿ ಕಡಿಮೆ. ಒಣದ್ರಾಕ್ಷಿ ಕುದಿಸಿ ಹಿಂಡಿದ ರಸ ಬಳಸುವ ಸಭೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಫ್ರಿಜ್ಜಿನ ಹೊರಗೆ ಎರಡು ದಿನದಲ್ಲಿ ಹುಳಿಯುತ್ತದೆ, ಆದ್ದರಿಂದ ಶನಿವಾರವೇ ಮಾಡಿ, ಸೋಸಿ, ಫ್ರಿಜ್ಜಿನಲ್ಲಿಡಿ. ಕೆಂಪೇ ಆಗಬೇಕೆಂದಿಲ್ಲ. ಬಿಳಿ ದ್ರಾಕ್ಷಾರಸವಾದರೆ ಬಟ್ಟೆಯ ಕಲೆಯ ಗೋಳೇ ಇಲ್ಲ. ರೊಟ್ಟಿ ಮತ್ತು ದ್ರಾಕ್ಷಿಯ ರಸ ಆಜ್ಞೆಯದ್ದು. ಬಣ್ಣ, ವೇಫರಿನ ಆಕಾರ, ಪಾತ್ರೆ ರೂಢಿಯದ್ದು. ಪಾತ್ರೆ ಹಿತ್ತಾಳೆಯದ್ದಾದರೆ ಒಳಗೆ ಕಲಾಯಿ ಅಥವಾ ಚಿನ್ನದ ಲೇಪ ಇದೆಯೇ ನೋಡಿ. ಹುಣಿಸೆಹುಳಿಯನ್ನು ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಇಡುವುದಿಲ್ಲ ತಾನೆ? ಇದಕ್ಕೂ ಅದೇ ನಿಯಮ.

ವೇಫರ್ ಹಿಟ್ಟು, ನೀರಿನದ್ದು, ತೇವವನ್ನು ಎಳೆದುಕೊಳ್ಳುತ್ತದೆ. ರಬ್ಬರ್ ಸುತ್ತಿರುವ ಮುಚ್ಚಳದ ಡಬ್ಬಿಯಲ್ಲಿ, ತಳಕ್ಕೆ ಹುರಿದ ಅಕ್ಕಿಯ ಬಟ್ಟೆಗಂಟು ಇಟ್ಟು ಶೇಖರಿಸಿ. ಭಾನುವಾರ ಎಣಿಸಿ ತೆಗೆಯಿರಿ: 120 ಮತ್ತು 10 ಹೆಚ್ಚುವರಿ. ಒಟ್ಟು ಪ್ಯಾಕೆಟ್ ಬಿಚ್ಚಿ ತಟ್ಟೆಗೆ ಸುರಿದರೆ ಮಿಕ್ಕಿದ್ದು ಮುಂದಿನ ಸಲಕ್ಕೆ ಹಪ್ಪಳಕ್ಕೂ ಆಗುವುದಿಲ್ಲ.

ಪಾನಪಾತ್ರೆ ಒರೆಸುವ ಬಟ್ಟೆ ಬರೀ ಹತ್ತಿಯದ್ದಿರಲಿ, ಪಾಲಿಯೆಸ್ಟರ್ ಹೀರುವುದಿಲ್ಲ. ಪ್ರತಿಯೊಬ್ಬರ ನಂತರ ಅಂಚನ್ನು ಒಳಗೂ ಹೊರಗೂ ಒರೆಸಿ ಪಾತ್ರೆಯನ್ನು ಕಾಲು ಸುತ್ತು ತಿರುಗಿಸಬೇಕು. ಒಂದೊಂದು ಪಂಕ್ತಿ ಮುಗಿದಾಗ ಹೊಸ ಬಟ್ಟೆ. ಆರಾಧನೆ ಮುಗಿದ ಕೂಡಲೇ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಆ ಮೊದಲ ನೀರನ್ನು ಗಿಡದ ಬುಡಕ್ಕೆ ಹಾಕಿ. ನಿಮ್ಮಲ್ಲಿ ಕಲೆ ಉಳಿಯುವುದಕ್ಕೆ ಕಾರಣ ಬಹುಶಃ ಬಿಸಿನೀರು. ಅದು ಕಲೆಯನ್ನು ನೂಲಿಗೆ ಕೂರಿಸುತ್ತದೆ. ಲಿಪ್‌ಸ್ಟಿಕ್ ಮೇಣದ ಜಾತಿಯದ್ದು, ಅದಕ್ಕೆ ನೀರಿಗೆ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಚ್ಚಿ ಬೆರಳಲ್ಲಿ ಉಜ್ಜಿ. ವೇದಿಯ ಬಟ್ಟೆಗೆ ಮೇಣದಬತ್ತಿ ತೊಟ್ಟಿಕ್ಕಿದರೆ ಗಟ್ಟಿಯಾಗಲು ಬಿಟ್ಟು ಚಮಚದ ಬೆನ್ನಿನಿಂದ ಎಬ್ಬಿಸಿ, ಮೇಲೂ ಕೆಳಗೂ ಕಂದು ಕಾಗದವಿಟ್ಟು ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕಿ.

ಉಳಿದದ್ದರ ಜಗಳಕ್ಕೆ ಉತ್ತರ ಹಳೆಯದು. 1543ರಲ್ಲಿ ಐಸ್ಲೆಬೆನ್‌ನ ಪಾದ್ರಿ ಸಿಮೋನ್ ವೋಲ್ಫೆರಿನುಸ್ ಉಳಿದ ರೊಟ್ಟಿ, ರಸವನ್ನು ಮಾಮೂಲಿನದರೊಂದಿಗೆ ಬೆರೆಸಿಡುತ್ತಿದ್ದುದಕ್ಕೆ ಲೂಥರ್ ಪತ್ರ ಬರೆದು ಗದರಿಸಿದ: ಅಲ್ಲಿರುವವರೇ ತಿಂದು ಕುಡಿದು ಮುಗಿಸಿ, ವಾದಕ್ಕೆ ಜಾಗವೇ ಇರಬಾರದು ಎಂದ. ಹಾಗೆಯೇ ಮಾಡಿ. ಅಂದೇ ಕಾಯಿಲೆಯವರ ಮನೆಗೆ ಒಯ್ಯುವುದಿದ್ದರೆ ಅಷ್ಟನ್ನು ಪಾಸ್ಟರ್ ತೆಗೆದಿಡಲಿ. ಮುಟ್ಟದ ಬಾಟಲಿ, ಮುಟ್ಟದ ಡಬ್ಬಿ ಕಪಾಟಿಗೆ ಹೋಗಲಿ. ಗ್ಲಾಸಿನ ತಳದ ಹನಿಗಳು ಮೊದಲ ತೊಳೆಯುವ ನೀರಿನೊಂದಿಗೆ ಮಣ್ಣಿಗೆ, ಸಿಂಕಿಗಲ್ಲ. ಸಿಂಕಿಗೆ ಹಾಕಿದರೆ ಸಂಸ್ಕಾರವೇ ಕೆಟ್ಟಿತೆಂದಲ್ಲ. ನೋಡುವವರ ಮನಸ್ಸು ನೋಯುತ್ತದೆ.

ಪ್ರಶ್ನೆ: ಶಿಲುಬೆ ಗುರುತು ಹಾಕಿಕೊಳ್ಳುವುದು ಕ್ಯಾಥೊಲಿಕರದ್ದಲ್ಲವೇ? ನಮ್ಮ ಯುವಕರು ಶುರುಮಾಡಿದ್ದಾರೆ.

ಉತ್ತರ: ಚಿಕ್ಕ ಕ್ಯಾಟಕಿಸಂನಲ್ಲೇ ಇದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಶಿಲುಬೆ ಗುರುತು ಹಾಕಿಕೊಂಡು ತ್ರಿಯೇಕ ದೇವರ ಹೆಸರು ಹೇಳಿ, ಮೊಣಕಾಲೂರಿ ಅಥವಾ ನಿಂತು ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ. ಇಷ್ಟವಿದ್ದರೆ ಪುಟ್ಟ ಪ್ರಾರ್ಥನೆ. ಆಮೇಲೆ ಸಂತೋಷದಿಂದ ಕೆಲಸಕ್ಕೆ. ರಾತ್ರಿಯೂ ಇದೇ, ಕೊನೆಗೆ ನೆಮ್ಮದಿಯಿಂದ ಕೂಡಲೇ ನಿದ್ದೆ. ಐದು ನಿಮಿಷವೂ ಬೇಡ. ಮನೆಪ್ರಾರ್ಥನೆಗೆ ಪುರುಸೊತ್ತಿಲ್ಲ ಎನ್ನುವವರು ಮುಕ್ಕಾಲು ಗಂಟೆಯ ಕೂಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಗೆ ಹೇಳುವುದು. ಗುರುತು ಹಾಕುವವರು ಹಾಕಲಿ, ಹಾಕದವರನ್ನು ಕೆಣಕದಿರಲಿ.

ಪ್ರಶ್ನೆ: ಅಕ್ಟೋಬರ್ 31 ವಾರದ ನಡುವೆ ಬಂದರೆ ಸುಧಾರಣಾ ದಿನಕ್ಕೆ (ಲೂಥರನ ಸಭಾಸುಧಾರಣೆಯ ನೆನಪಿನ ದಿನ) ವೇದಿಗೆ ಯಾವ ಬಣ್ಣ, ಯಾವಾಗ?

ಉತ್ತರ: ಹತ್ತಿರದ ಭಾನುವಾರಕ್ಕೆ ಕೆಂಪು. ಸೋಮವಾರ ಮತ್ತೆ ಹಸಿರು. ಕೆಂಪು ಬಟ್ಟೆ ಇಲ್ಲದ ಸಭೆ ಇದಕ್ಕೆಂದು ಸಾಲ ಮಾಡಬೇಕಾಗಿಲ್ಲ.

ಪ್ರಶ್ನೆ: ಮಂಗಳೂರಿನ ಬಾಸೆಲ್ ಮಿಷನ್ ಹಿನ್ನೆಲೆಯ ಸಭೆಯವನು, ಕೆಲಸಕ್ಕೆ ಸ್ಟುಟ್‌ಗಾರ್ಟಿಗೆ ಹೊರಟಿದ್ದೇನೆ. ಅಲ್ಲಿ ಹೆಸರು ನೋಂದಾಯಿಸುವ ಫಾರ್ಮಿನಲ್ಲಿ ಧರ್ಮ ಕೇಳುತ್ತಾರಂತೆ. ಏನೆಂದು ಬರೆಯಲಿ?

ಉತ್ತರ: ಯೋಚಿಸಿ ಬರೆಯಿರಿ, ಏಕೆಂದರೆ ಆ ಒಂದು ಪದಕ್ಕೆ ಸಂಬಳದ ಚೀಟಿಯಲ್ಲಿ ಸಾಲೊಂದು ಸೇರುತ್ತದೆ. ‘ಎವಾಂಗೆಲಿಷ್’ (ಜರ್ಮನ್ನಿನಲ್ಲಿ ಪ್ರೊಟೆಸ್ಟೆಂಟ್) ಎಂದು ಬರೆದರೆ ನೀವು ಅಲ್ಲಿನ ಪ್ರಾಂತೀಯ ಸಭೆಯ ಸದಸ್ಯರಾಗುತ್ತೀರಿ. ಸಭಾತೆರಿಗೆಯನ್ನು ಕಂಪನಿಯೇ ಹಿಡಿದುಕೊಳ್ಳುತ್ತದೆ. ಬಾಡೆನ್‌-ವುರ್ಟೆಂಬೆರ್ಗ್, ಬವೇರಿಯಾಗಳಲ್ಲಿ ಶೇಕಡಾ 8, ಉಳಿದ ಕಡೆ 9. ಅದು ಸಂಬಳದ ಶೇಕಡಾ ಅಲ್ಲ, ಆದಾಯ ತೆರಿಗೆಯ ಶೇಕಡಾ: ವರ್ಷಕ್ಕೆ 6000 ಯೂರೊ ತೆರಿಗೆ ಕಟ್ಟುವವರಿಗೆ 480. ತೆರಿಗೆ ಲೆಕ್ಕ ಸಲ್ಲಿಸುವಾಗ ಅದನ್ನು ವಿಶೇಷ ಖರ್ಚೆಂದು ಕಳೆಯಬಹುದು. ಬಿಡಬೇಕೆನಿಸಿದರೆ ಪಾಸ್ಟರಿಗೆ ಹೇಳಿದರೆ ಆಗದು. ಆ ರಾಜ್ಯದಲ್ಲಿ ‘ಸ್ಟಾಂಡೆಸ್‌ಆಮ್ಟ್’ ಎಂಬ ಸರ್ಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಬರೆದುಕೊಡಬೇಕು.

ಹಣ ಉಳಿಸಲೆಂದು ‘ಯಾವುದೂ ಇಲ್ಲ’ ಎಂದು ಬರೆದು, ಆಮೇಲೆ ಮಗುವಿನ ದೀಕ್ಷಾಸ್ನಾನಕ್ಕೋ ಧರ್ಮಪಿತನಾಗಲೋ ಹೋದಾಗ ಸದಸ್ಯತ್ವ ಕೇಳಿದರೆಂದು ಬೇಸರಪಟ್ಟುಕೊಳ್ಳುವುದು ನ್ಯಾಯವಲ್ಲ. ತೆರಿಗೆ ಕೊಡುವುದು ದೇವರ ಆಜ್ಞೆಯಲ್ಲ ನಿಜ, ಆದರೆ ಅಲ್ಲಿನ ಪಾಸ್ಟರರ ಸಂಬಳಕ್ಕೂ ಸಭೆಯ ಶಿಶುವಿಹಾರದ ಖರ್ಚಿಗೂ ಅದರಿಂದ ಹಣ ಹೋಗುತ್ತದೆ.

ಆರಾಧನೆಯಲ್ಲಿ ನಿಮಗೆ ಪರಕೀಯ ಎನಿಸಲಿಕ್ಕಿಲ್ಲ. ವುರ್ಟೆಂಬೆರ್ಗಿನ ಸಭೆ ಲೂಥರನ್ ಆದರೂ ಅದರ ಭಾನುವಾರದ ಆರಾಧನೆ ಸರಳ: ಹಾಡು, ಓದು, ಪ್ರಸಂಗ, ಪ್ರಾರ್ಥನೆ, ಕರ್ತನ ಭೋಜನ ಪ್ರತಿ ವಾರವಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿ ಹೆಬಿಕ್, ಆಮೇಲೆ ಬಂದ ಮೋಗ್ಲಿಂಗ್ ಇಬ್ಬರೂ ಆ ಸೀಮೆಯವರೇ. ಹೊರಡುವ ಮುಂಚೆ ನಿಮ್ಮ ಸಭಾಪಾಲಕರಿಂದ ದೀಕ್ಷಾಸ್ನಾನದ ಮತ್ತು ದೃಢೀಕರಣದ ಪ್ರಮಾಣಪತ್ರಗಳನ್ನು ಇಂಗ್ಲಿಷಿನಲ್ಲಿ, ಸೀಲು ಹಾಕಿಸಿ, ಎರಡೆರಡು ಪ್ರತಿ ತೆಗೆದುಕೊಳ್ಳಿ. ಅಲ್ಲಿಂದ ಫೋನ್ ಮಾಡಿ ಹಳೆಯ ರಿಜಿಸ್ಟರ್ ಹುಡುಕಿಸುವುದು ತಿಂಗಳುಗಟ್ಟಲೆ ಹಿಡಿಯುವ ಕೆಲಸ.