ಆಲ್‌ಫ್ರಿಸ್ಟನ್ ಗ್ರಾಮದ ಬಗ್ಗೆ ಕೇಳಿದ್ದಕ್ಕೆ ಪ್ರತಿಕ್ರಿಯೆ

ನಮಸ್ಕಾರ. ವಯಸ್ಸಾದ ತಾಯಿಯವರೊಂದಿಗೆ ಲಂಡನ್ನಿನಿಂದ ಒಂದೇ ದಿನದಲ್ಲಿ ಹೋಗಿಬರಲು ಆಲ್‌ಫ್ರಿಸ್ಟನ್ ಸೂಕ್ತವೇ, ಅಲ್ಲಿ ನೋಡಲು ಏನಿದೆ ಎಂದು ಕೇಳಿದ್ದೀರಿ. ಖಂಡಿತ ಸೂಕ್ತ, ಹಳೆಯ ಕಟ್ಟಡಗಳಲ್ಲಿ ಆಸಕ್ತಿಯಿದ್ದರೆ ಇನ್ನೂ ಒಳ್ಳೆಯದು.

ದಕ್ಷಿಣ ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನ ಸುಣ್ಣಕಲ್ಲಿನ ಗುಡ್ಡಗಳ ನಡುವೆ, ಕಕ್‌ಮಿಯರ್ ನದಿಯ ದಡದಲ್ಲಿರುವ ಈ ಊರಿನಲ್ಲಿ ಮೊದಲು ನೋಡಬೇಕಾದದ್ದು ಕ್ಲರ್ಜಿ ಹೌಸ್, ಅಂದರೆ ಪಾದ್ರಿಗಳ ಮನೆ. ಓಕ್ ಮರದ ಚೌಕಟ್ಟು, ಹುಲ್ಲಿನ ಚಾವಣಿಯ ಈ 14ನೇ ಶತಮಾನದ ಮನೆ ಬೀಳುವ ಸ್ಥಿತಿಗೆ ಬಂದಿದ್ದಾಗ, ಅದರ ಹಿಂದಿನ ವರ್ಷವಷ್ಟೇ ಸ್ಥಾಪನೆಯಾಗಿದ್ದ, ಪಾರಂಪರಿಕ ತಾಣಗಳನ್ನು ಸಂರಕ್ಷಿಸುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 1896ರಲ್ಲಿ ಅದನ್ನು ಕೇವಲ 10 ಪೌಂಡಿಗೆ ಕೊಂಡು ಉಳಿಸಿತು. ಆ ಸಂಸ್ಥೆ ಖರೀದಿಸಿದ ಮೊಟ್ಟಮೊದಲ ಕಟ್ಟಡವೇ ಇದು. ಒಳಗೆ ಹೋದಾಗ ನೆಲವನ್ನು ಗಮನಿಸಿ: ಪುಡಿಮಾಡಿದ ಸೀಮೆಸುಣ್ಣದ ಕಲ್ಲನ್ನು ದಮ್ಮಸು ಮಾಡಿ, ಮೇಲೆ ಹುಳಿಹಾಲು ಹಾಕಿ ಗಟ್ಟಿಗೊಳಿಸಿದ ನೆಲವದು. ನಮ್ಮ ಸಗಣಿ ಸಾರಿಸಿದ ನೆಲದಂತೆಯೇ ಕೈಗೆಟಕಿದ ವಸ್ತುವಿನಿಂದ ಹುಟ್ಟಿದ ಆ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾಯಿತು.

ಪಕ್ಕದಲ್ಲೇ, ಹಸಿರು ಬಯಲಿನ ದಿಬ್ಬದ ಮೇಲೆ, 14ನೇ ಶತಮಾನದ್ದೇ ಆದ ಸೇಂಟ್ ಆಂಡ್ರ್ಯೂ ಚರ್ಚ್ ಇದೆ. ಶಿಲುಬೆಯಾಕಾರದ ತಳವಿನ್ಯಾಸವಿರುವ ಅದರ ಗೋಡೆಗಳ ಚಕಮಕಿ ಕಲ್ಲುಗಳನ್ನು ಹತ್ತಿರದಿಂದ ನೋಡಿ. ಮುಖ್ಯಬೀದಿಯಲ್ಲಿ ಸ್ಟಾರ್ ಎಂಬ ಹಳೆಯ ವಸತಿಗೃಹವಿದ್ದು, ಅದರ ಮೂಲೆಯಲ್ಲಿ ಹಡಗೊಂದರ ಮುಂಭಾಗದಿಂದ ಬಂದ ಕೆಂಪು ಸಿಂಹದ ಪ್ರತಿಮೆ ನಿಂತಿದೆ.

ರೈಲಿನಲ್ಲಾದರೆ ಬರ್ವಿಕ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಊರು ಸುಮಾರು 5 ಕಿಲೋಮೀಟರ್ ಇರುವುದರಿಂದ, ತಾಯಿಯವರಿಗಾಗಿ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕ್ಲರ್ಜಿ ಹೌಸ್ ತೆರೆದಿರುವ ದಿನಗಳನ್ನೂ ಹೊರಡುವ ಮುನ್ನ ಖಚಿತಪಡಿಸಿಕೊಳ್ಳಿ.