ಭಜನಾ ಮಂಡಳಿಯೋ, ಒಬ್ಬರೇ ಪಾಠವೋ?

ಪ್ರಶ್ನೆ: ನನಗೆ 46 ವರ್ಷ. ಶಾಲೆಯಲ್ಲಿದ್ದಾಗ ಗೀತೆಗಳವರೆಗೆ ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದೆ. ಈಗ ಮತ್ತೆ ಹಾಡುವ ಆಸೆ. ಬಡಾವಣೆಯಲ್ಲಿ ಭಜನಾ ಮಂಡಳಿ ಇದೆ. ಒಬ್ಬೊಬ್ಬರಿಗೇ ಪಾಠ ಹೇಳುವ ಮೇಷ್ಟ್ರೂ ಇದ್ದಾರೆ. ನಾಲ್ಕು ಜನರ ಮುಂದೆ ಒಬ್ಬಳೇ ಹಾಡಲು ಹೋದರೆ ಗಂಟಲು ಕಟ್ಟುತ್ತದೆ. ಬಿಡುವು ವಾರಕ್ಕೆ ಒಂದೇ ದಿನ. ಯಾವುದಕ್ಕೆ ಸೇರಲಿ?
– ಓದುಗರು, ಮೈಸೂರು

ಉತ್ತರ: ಮೊದಲು ಮಂಡಳಿಗೇ ಸೇರಿ. ನಿಮಗೆ ಈಗ ಬೇಕಿರುವುದು ಬಾಯಿಬಿಟ್ಟು ಹಾಡುವ ರೂಢಿ. ಸುತ್ತ ಹತ್ತು ದನಿ ಇದ್ದಾಗ ಅಂಜಿಕೆ ತಾನಾಗಿಯೇ ಕಮ್ಮಿಯಾಗುತ್ತದೆ. ಉಸಿರು ಸಾಲದೆ ನಡುವೆ ನಿಲ್ಲಿಸಿದರೂ ಹಾಡು ನಿಲ್ಲುವುದಿಲ್ಲ, ಅಲ್ವಾ?

ಆದರೆ ಸೇರುವ ಮುಂಚೆ ಅವರ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ‘ಸ’ದ ಎತ್ತರ, ಎಷ್ಟು ಅಂತ ಕೇಳಿ. ಇದನ್ನು ಯಾರೂ ಕೇಳುವುದೇ ಇಲ್ಲ, ಆಮೇಲೆ ಗಂಟಲು ನೋವು ಅನ್ನುತ್ತಾರೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಂಗಸರ ಶ್ರುತಿ ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರರೊಳಗೆ, ಗಂಡಸರದು ಒಂದರಿಂದ ಎರಡರ ಆಸುಪಾಸು. ಇಬ್ಬರೂ ಇರುವ ಮಂಡಳಿಯಲ್ಲಿ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದು ಕಷ್ಟ. ಮನೆಯಲ್ಲೇ ಮೊಬೈಲಿನ ತಂಬೂರಿ ಆಪ್‌ನಲ್ಲಿ ಐದರ ಶ್ರುತಿ ಹಾಕಿಕೊಂಡು ನೋಡಿ. ಕೆಳಗೆ ಮಂದ್ರದ ಪಂಚಮ (ಕೆಳಸ್ಥಾಯಿಯ ‘ಪ’), ಮೇಲೆ ತಾರದ ಗಾಂಧಾರ (ಮೇಲುಸ್ಥಾಯಿಯ ‘ಗ’) ಎರಡೂ ಬಿಗಿಯಿಲ್ಲದೆ ಬಂದರೆ ಅದು ನಿಮಗೆ ಸರಿ. ಮೇಲಿನದು ಕಿರುಚಿದಂತಾದರೆ ಅರ್ಧ ಇಳಿಸಿ, ಕೆಳಗಿನದು ಕೇಳಿಸದೇ ಹೋದರೆ ಅರ್ಧ ಏರಿಸಿ. ಮಂಡಳಿಯವರದು ಇದಕ್ಕಿಂತ ತುಂಬ ಆಚೀಚೆ ಇದ್ದರೆ ಬೇರೆ ಮಂಡಳಿ ಹುಡುಕಿ, ಸುಮ್ನೆ ಗಂಟಲು ಕೆಡಿಸಿಕೊಳ್ಳಬೇಡಿ.

ಗುಂಪಿನಲ್ಲಿ ಒಂದು ಅಪಾಯವೂ ಇದೆ. ಪಕ್ಕದವರ ದನಿಗೆ ಒರಗಿಕೊಂಡು ಹಾಡುವುದು ಅಭ್ಯಾಸವಾಗಿಬಿಡುತ್ತದೆ. ನಮ್ಮ ಸ್ವರ ಜಾರಿದ್ದು ನಮಗೇ ಗೊತ್ತಾಗುವುದಿಲ್ಲ. ಅದಕ್ಕೇ ದಿನಾ ಹದಿನೈದು ನಿಮಿಷ ಮನೆಯಲ್ಲಿ ಒಬ್ಬರೇ ಕೂತು ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ಎಂಬ ಮೊದಲ ಸ್ವರಪಾಠಗಳನ್ನು ಹಾಡಿ. ಮಂಡಳಿಯಲ್ಲಿ ಕಲಿತ ದೇವರನಾಮವನ್ನೂ ತಂಬೂರಿಯೊಂದಿಗೆ ಹಾಡಿ ರೆಕಾರ್ಡ್ ಮಾಡಿ ಕೇಳಿ. ಪಲ್ಲವಿಗೆ ವಾಪಸ್ ಬರುವಾಗ ಷಡ್ಜ (‘ಸ’) ತಂಬೂರಿಗೆ ಸೇರುತ್ತದೆಯೇ ಎಂದು ಗಮನಿಸಿ.

ಮೇಷ್ಟ್ರ ಪಾಠ ಯಾವಾಗ? ರಾಗ ಬಿಡಿಸಿ ಹಾಡಬೇಕು, ಆಲಾಪನೆ (ಸಾಹಿತ್ಯ, ತಾಳವಿಲ್ಲದೆ ರಾಗವನ್ನು ಬೆಳೆಸುವುದು), ಕಲ್ಪನಾಸ್ವರ (ತಾಳಕ್ಕೆ ಸರಿಯಾಗಿ ಅಲ್ಲಲ್ಲೇ ಹೊಳೆದ ಸ್ವರ ಹಾಡುವುದು) ಕಲಿಯಬೇಕು ಅನ್ನುವ ಹಸಿವು ಹುಟ್ಟಿದಾಗ. ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಕೃತಿಗಳನ್ನು ಎಲ್ಲರೂ ಗೋಷ್ಠಿಯಾಗಿ ಹಾಡುವುದು ಸಾಧ್ಯವಾಗುವುದೇ ಅಲ್ಲಿ ಸ್ವರ, ಸಾಹಿತ್ಯ ಎರಡೂ ಮೊದಲೇ ಗೊತ್ತುಮಾಡಿದ್ದಾದ್ದರಿಂದ. ಆಯಾ ಕ್ಷಣಕ್ಕೆ ಹೊಳೆದದ್ದನ್ನು ಹಾಡಲು ಒಬ್ಬರೇ ಕೂರಬೇಕು, ತಿದ್ದಲು ಗುರು ಎದುರಿಗಿರಬೇಕು. ಆ ಹಂತಕ್ಕೆ ಬಂದಾಗ ನಿಮ್ಮ ಆ ಒಂದು ದಿನವನ್ನು ಪಾಠಕ್ಕೆ ಕೊಡಿ. ಮಂಡಳಿಗೆ ಹಬ್ಬ ಹರಿದಿನಗಳಲ್ಲಿ ಹೋದರೂ ನಡೆಯುತ್ತದೆ.